ನೊರೆ ಕಟ್ಟದ ನೀರು

ಬುಧವಾರ ಬೆಳಿಗ್ಗೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರಮ್ಮ ಒಳಗೆ ಬಂದಾಗ ನೀರಣ್ಣ ಬಿಸಿನೀರಿನ ತೊಟ್ಟಿಯ ಅಂಚು ಒರೆಸುತ್ತಿದ್ದ. ಆಕೆ ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿ ಕಟ್ಟಿದಳು.

"ಇನ್ನು ಏನನ್ನೂ ಮುಟ್ಟಬೇಡಿ. ಟೈಲರಮ್ಮ ನಿನ್ನೆ ಸಂಜೆ ತೀರಿಕೊಂಡರು."

ಕೀಲುನೋವಿನ ಆ ಚಿಕಿತ್ಸಾಲಯಕ್ಕೆ ಟೈಲರಮ್ಮ ವಾರಕ್ಕೆ ಮೂರು ದಿನ ಬರುತ್ತಿದ್ದಳು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಸವೆದ ಮಂಡಿಗೆ ಬಿಸಿನೀರು ಹಿತವಾಗುತ್ತಿತ್ತು. ಶನಿವಾರ ಜ್ವರ ಏರಿ ಆಸ್ಪತ್ರೆ ಸೇರಿದಳು, ಮಂಗಳವಾರ ಹೋದಳು. ಅವಳ ಶ್ವಾಸಕೋಶದಲ್ಲಿ ಸಿಕ್ಕ ರೋಗಾಣು ಬೆಚ್ಚಗಿನ ನೀರಿನಲ್ಲಿ ಬೆಳೆದು, ಹಬೆಯ ಜೊತೆ ಉಸಿರಿಗೆ ಸೇರುವಂಥದ್ದು. ಇಲ್ಲಿಗೇ ಬರುತ್ತಿದ್ದ ಇನ್ನಿಬ್ಬರು ಅದೇ ಜ್ವರದಲ್ಲಿ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು.

"ಈ ನೀರು ನೋಡಿಕೊಳ್ಳೋರು ಯಾರು?"

"ನಾನೇ, ಮೇಡಂ. ಹನ್ನೊಂದು ವರ್ಷದಿಂದ."

"ಹೆಸರು?"

"ಎಲ್ಲರೂ ನೀರಣ್ಣ ಅಂತಾರೆ. ಸಂಬಳದ ದಿನ ಮಾತ್ರ ಬೇರೆ ಹೆಸರು ಕೂಗ್ತಾರೆ."

ಆಕೆ ನಗಲಿಲ್ಲ. ಬಗ್ಗಿ ನೀರು ನೋಡಿದಳು. ತಳದ ನೀಲಿ ಹೆಂಚುಗಳ ಸಂದು ಸಂದೂ ಕಾಣುತ್ತಿತ್ತು. ಅಂಚಿನಲ್ಲಿ ಜಿಡ್ಡಿನ ಗೆರೆ ಇಲ್ಲ, ನೊರೆಯ ಒಂದು ಗುಳ್ಳೆಯೂ ಇಲ್ಲ. ಹಳೆಯ ಟೆನಿಸ್ ಚೆಂಡೊಂದು ಮೂಲೆಯಲ್ಲಿ ತೇಲುತ್ತಿತ್ತು.

"ಇದು ಯಾಕೆ?"

"ಎಣ್ಣೆ ಹೀರೋಕೆ. ಮೈಗೆ ಹಚ್ಚಿದ ಎಣ್ಣೆ, ಮುಲಾಮು, ತಲೆಯ ಸೋಪು, ಈಜುಬಟ್ಟೆಯಲ್ಲಿ ಉಳಿದ ಸಾಬೂನು ಪುಡಿ—ಎಲ್ಲಾ ಇಲ್ಲಿಗೇ ಬರುತ್ತೆ. ಮೊದಲು ಮೈ ತೊಳ್ಕೊಂಡು ಬನ್ನಿ ಅಂತ ಬೋರ್ಡ್ ಹಾಕಿದ್ದೀನಿ. ಬೋರ್ಡ್ ಓದೋರಿಗೆ ಮಂಡಿನೋವು ಬರಲ್ಲ ಅಂತ ಕಾಣುತ್ತೆ."

ಇಷ್ಟು ಹೇಳುತ್ತ ಅವನು ಅಂಗಿಯ ಗುಂಡಿ ಮುಟ್ಟಿಕೊಂಡ. ಟೈಲರಮ್ಮ ಅವನ ಅಂಗಿಗೆ ಎಷ್ಟೋ ಸಲ ಗುಂಡಿ ಹಾಕಿಕೊಟ್ಟಿದ್ದಳು.

ಇನ್ಸ್‌ಪೆಕ್ಟರಮ್ಮ ತೊಟ್ಟಿಯ ನೀರನ್ನು ಬಾಟಲಿಗಳಿಗೆ ತುಂಬಿಸಿಕೊಂಡಳು. ಆಮೇಲೆ ಮೊಣಕಾಲೂರಿ, ಗೋಡೆಯಿಂದ ನೀರು ಚಿಮ್ಮುವ ಬಾಯಿಗಳೊಳಕ್ಕೆ ಹತ್ತಿ ಸುತ್ತಿದ ಕಡ್ಡಿ ತೂರಿಸಿ ಒರೆಸಿಕೊಂಡಳು. ಕೊನೆಗೆ ಗೋಡೆಯ ಮೊಳೆಗೆ ನೇತುಹಾಕಿದ್ದ ದಿನಚರಿ ಪುಸ್ತಕ ತೆರೆದಳು. ಒಂದು ದಿನವೂ ತಪ್ಪಿರಲಿಲ್ಲ. ಕ್ಲೋರಿನ್ ಮೂರು, ಮೂರು, ಮೂರು—ಇರಬೇಕಾದಷ್ಟೇ. ನೀರು ಬದಲಿಸಿದ್ದು ಏಳು ವಾರದ ಹಿಂದೆ.

"ಎಲ್ಲಾ ನಿಮ್ಮ ಅಕ್ಷರವೇ?"

"ನಂದೇ."

"ಪಟ್ಟಿಯ ಬಣ್ಣ ನೋಡಿ ಕ್ಲೋರಿನ್ ಅಳತೆ ಹೇಳೋದೂ ನೀವೇ?"

ನೀರಣ್ಣ ಒಂದು ಉಸಿರಿನಷ್ಟು ತಡಮಾಡಿದ. "ನಾನೇ."

ಆಕೆ ಕಿಟಕಿಯ ಕಡೆ ತಿರುಗಿ ಏನೋ ಮಾಡಿ, ಒದ್ದೆಯಾದ ಪರೀಕ್ಷೆಯ ಕಾಗದದ ಪಟ್ಟಿಯೊಂದನ್ನು ಅವನ ಮುಂದೆ ಹಿಡಿದಳು. "ಇದು ಎಷ್ಟು?"

ಪಟ್ಟಿಯ ತುದಿ ಅವನ ಕಣ್ಣಿಗೆ ಮಬ್ಬು ಹಳದಿಯಾಗಿ ಕಂಡಿತು. ಕೆಲವು ತಿಂಗಳಿಂದ ಎಲ್ಲವೂ ಹಾಗೆಯೇ. ನೀರು ಚೆನ್ನಾಗಿದೆ, ಇಂದು ಬೆಳಿಗ್ಗೆಯೂ ಮೂರೇ ಇತ್ತು ಎಂದುಕೊಂಡು, "ಮೂರು" ಎಂದ.

"ಇದು ನನ್ನ ಕುಡಿಯೋ ನೀರಲ್ಲಿ ಅದ್ದಿದ್ದು, ನೀರಣ್ಣ. ಪಟ್ಟಿ ಬಿಳಿ ಇದೆ. ಸೊನ್ನೆ."

ಬಾಗಿಲಲ್ಲಿ ನಿಂತಿದ್ದ ಡಾಕ್ಟರು ಹಣೆ ಚಚ್ಚಿಕೊಂಡರು. ಚಿಕಿತ್ಸಾಲಯ ಅವರದೇ. ಶನಿವಾರದಿಂದ ಊರಲ್ಲಿರದೆ ಅಂದು ಬೆಳಿಗ್ಗೆಯಷ್ಟೇ ಬಂದಿಳಿದಿದ್ದರು. "ಕಣ್ಣು ಕಾಣಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ ನೀನು? ನಿನ್ನನ್ನ ನಂಬಿ ಜನ ನೀರಿಗಿಳಿದ್ರಲ್ಲಯ್ಯ."

"ನೀವು ಕ್ಲೋರಿನ್ ಕಡಿಮೆ ಮಾಡಿ ಅಂತ ಹೇಳಿದ್ರಾ, ಡಾಕ್ಟರೇ?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ವಾಸನೆ ಅಂತ ಜನ ಗೊಣಗ್ತಾರೆ, ಸ್ವಲ್ಪ ನೋಡ್ಕೋ ಅಂದಿರಬಹುದು. ನಿಲ್ಲಿಸು ಅಂತ ಯಾವ ಹುಚ್ಚ ಹೇಳ್ತಾನೆ?"

ಆಗ ನೀರಣ್ಣನ ಮಗಳು ಎಲ್ಲರಿಗೂ ಚಹಾ ತಂದಳು. ರೋಗಿಗಳನ್ನು ನೀರಿನಲ್ಲಿ ಹಿಡಿದು ವ್ಯಾಯಾಮ ಮಾಡಿಸುವ ಕೆಲಸ ಅವಳದು. ಅಪ್ಪನ ಮುಖ ನೋಡಿ ಅವನ ಬೆನ್ನ ಮೇಲೆ ಕೈಯಿಟ್ಟಳು.

"ದಿನಕ್ಕೆ ಎಷ್ಟು ಹೊತ್ತು ನೀರಲ್ಲಿ ಇರ್ತೀಯಮ್ಮ?" ಇನ್ಸ್‌ಪೆಕ್ಟರಮ್ಮ ಲೋಟ ತೆಗೆದುಕೊಳ್ಳುತ್ತ ಕೇಳಿದಳು.

"ಐದು ಗಂಟೆ. ಒಂದೊಂದು ದಿನ ಆರು."

"ಕೈ ಚೆನ್ನಾಗಿ ಇಟ್ಕೊಂಡಿದ್ದೀಯ."

ಮಗಳು ತಟ್ಟೆ ಹಿಡಿದು ಹೊರಟಳು. ನೀರಣ್ಣನ ಕಿವಿಗೆ ಆ ಮಾತು ಬೀಳಲೇ ಇಲ್ಲ. ಸೊನ್ನೆ ಎಂಬ ಒಂದೇ ಮಾತು ಅವನ ತಲೆಯೊಳಗೆ ಗಾಣದ ಹಾಗೆ ಸುತ್ತುತ್ತಿತ್ತು.

ಅವನು ಸುಳ್ಳು ಹೇಳಿದ್ದ. ಐದು ವಾರದಿಂದ ಬಣ್ಣ ನೋಡುತ್ತಿದ್ದವನು ಅವನಲ್ಲ. ಒಂದು ಬೆಳಿಗ್ಗೆ ಪಟ್ಟಿಯನ್ನು ಕಿಟಕಿಗೆ, ದೀಪಕ್ಕೆ, ಮತ್ತೆ ಕಿಟಕಿಗೆ ಹಿಡಿದು ಒದ್ದಾಡುತ್ತಿದ್ದಾಗ ಮಗಳು ನೋಡಿಬಿಟ್ಟಿದ್ದಳು. "ಇಲ್ಲಿ ಕೊಡಪ್ಪ. ನಾನು ನೋಡಿ, ಪುಡಿ ಅಳೆದು ಹಾಕ್ತೀನಿ. ನೀನು ಬರ್ಕೋ. ಯಾರಿಗೂ ಗೊತ್ತಾಗಬೇಕಾಗಿಲ್ಲ." ಕಣ್ಣು ಹೋಯಿತೆಂದು ತಿಳಿದರೆ ಕೆಲಸವೂ ಹೋಗುತ್ತದೆ. ಮಗಳ ಮಾತು ಅವನಿಗೆ ಮುಳುಗುವವನಿಗೆ ಸಿಕ್ಕ ಹುಲ್ಲುಕಡ್ಡಿಯಾಯಿತು. ಅಂದಿನಿಂದ ಅವಳು "ಮೂರು, ಅಪ್ಪ" ಎನ್ನುವಳು, ಇವನು ಬರೆಯುವನು.

ಈಗ ಅದನ್ನು ಹೇಳಿದರೆ ಆ ಹುಡುಗಿಯ ಹೆಸರೂ ಕೇಸಿಗೆ ಬೀಳುತ್ತದೆ. ಅವನು ಬಾಯಿಗೆ ಬೀಗ ಹಾಕಿಕೊಂಡ.

ಒಂದು ವಾರ ತೊಟ್ಟಿ ಮುಚ್ಚಿತ್ತು. ನೀರಣ್ಣನನ್ನು ಮನೆಯಲ್ಲಿರು ಎಂದರು. ಎದುರು ಮನೆಯವರು ಬಾಗಿಲು ಹಾಕಿಕೊಳ್ಳತೊಡಗಿದರು. ಅವನು ಕೂತಲ್ಲಿ ಕೂರಲಾರದೆ, ಹಾಕಿದ ಪುಡಿ ಸಾಲಲಿಲ್ಲವೇ, ನೀರು ಸೋಸುವ ಫಿಲ್ಟರನ್ನು ಸರಿಯಾಗಿ ಉಜ್ಜಲಿಲ್ಲವೇ ಎಂದು ತನ್ನನ್ನೇ ತಾನು ಅಗೆಯುತ್ತಿದ್ದ. ಆ ಐದು ವಾರ ಫಿಲ್ಟರ್ ಲೋಳೆ ಲೋಳೆಯಾಗಿ ಜಾರುತ್ತಿತ್ತು. ಅಂಚಿನಲ್ಲಿ ಜಿಡ್ಡು ಕೂರುತ್ತಿತ್ತು. ನೀರು ಚಿಮ್ಮಿಸುವ ಯಂತ್ರ ಹಾಕಿದರೆ ನೊರೆ ಗೇಣುದ್ದ ಏಳುತ್ತಿತ್ತು. ಮಗಳಿಗೆ ಹೇಳಿದ್ದ. "ಜನ ಎಣ್ಣೆ ಹಚ್ಕೊಂಡು ಬರ್ತಾರಪ್ಪ" ಎಂದು ಅವಳು ನೊರೆ ಇಳಿಸುವ ಔಷಧಿಯ ಬಾಟಲಿ ತಂದುಕೊಟ್ಟಳು. ದಿನಕ್ಕೆ ಎರಡು ಮುಚ್ಚಳ. ಸುರಿದ ಮರುಗಳಿಗೆಯೇ ನೊರೆ ಸತ್ತು ನೀರು ಕನ್ನಡಿಯಾಗುತ್ತಿತ್ತು. ಅವನಿಗೂ ಸಮಾಧಾನವಾಗುತ್ತಿತ್ತು.

"ಅಪ್ಪ," ಏಳನೆಯ ದಿನ ಸಂಜೆ ಮಗಳು ಅವನ ಪಕ್ಕ ಕೂತಳು. "ಒಪ್ಕೊಂಡುಬಿಡು. ಕಣ್ಣು ಕಾಣ್ತಿರಲಿಲ್ಲ, ಅಂದಾಜಿನ ಮೇಲೆ ಹಾಕಿದೆ ಅಂತ ಬರೆದುಕೊಡು. ಅದು ತಪ್ಪಲ್ಲ, ಮುಪ್ಪು. ಮುದುಕರನ್ನ ಯಾರೂ ಜೈಲಿಗೆ ಹಾಕಲ್ಲ."

"ನೀನು ನೋಡಿದಾಗ ಮೂರೇ ಇತ್ತಲ್ಲಮ್ಮ?"

"ಇತ್ತು."

"ದಿನಾ?"

"ದಿನಾ ಇತ್ತಪ್ಪ. ಮತ್ತೆ ಮತ್ತೆ ಅದನ್ನೇ ಕೇಳಬೇಡ."

ಮರುದಿನ ಅವನು ಆ ಕಾಗದ ಬರೆದು ಜೇಬಿಗಿಟ್ಟುಕೊಂಡು ಚಿಕಿತ್ಸಾಲಯಕ್ಕೆ ಹೋದ. ಪ್ರಯೋಗಾಲಯದ ವರದಿ ಬಂದಿತ್ತು. ಹೊರಗಿನ ಬೆಂಚಿನ ಮೇಲೆ ಟೈಲರಮ್ಮನ ಗಂಡ ಕೂತಿದ್ದ. ಪುಸ್ತಕಗಳಿಗೆ ರಟ್ಟು ಕಟ್ಟುವ, ಮಾತು ಕಡಿಮೆಯ ಮನುಷ್ಯ. ನೀರಣ್ಣ ತಲೆ ತಗ್ಗಿಸಿ ಅವನನ್ನು ದಾಟಿ ಒಳಗೆ ಹೋದ. ತೊಟ್ಟಿಯ ಬಳಿ ಡಾಕ್ಟರು, ಮಗಳು, ಇನ್ಸ್‌ಪೆಕ್ಟರಮ್ಮ. ಅವನು ಕಾಗದ ಚಾಚಿದ.

ಆಕೆ ಓದಿದಳು. ಮಡಚಿ ಅವನ ಜೇಬಿಗೇ ವಾಪಸು ತುರುಕಿದಳು.

"ನಿಮ್ಮ ಮೇಲೆ ಗುಮಾನಿ ಬರೋ ಹಾಗೆ ಎಲ್ಲಾ ಚೆನ್ನಾಗಿ ಕೂಡಿಬಂದಿತ್ತು, ನೀರಣ್ಣ. ಅಡ್ಡ ಬಂದಿದ್ದು ಈ ನೀರು."

"ನೀರಲ್ಲಿ ಏನಿತ್ತು?" ಡಾಕ್ಟರು ಕೇಳಿದರು.

"ಏನೂ ಇರಲಿಲ್ಲ. ಅದೇ ತೊಂದರೆ. ಕ್ಲೋರಿನ್ ಸರಿಯಾಗಿ ಮೂರು. ರೋಗಾಣು ಇಲ್ಲ. ಆದರೆ ಚಿಮ್ಮುವ ಬಾಯಿಗಳ ಒಳಗೆ ಲೋಳೆ ಕಟ್ಟಿತ್ತು. ಟೈಲರಮ್ಮನನ್ನ ಕೊಂದ ರೋಗಾಣು ಅದರ ತುಂಬ ಇದೆ. ವಾರಗಟ್ಟಲೆ ಕ್ಲೋರಿನ್ ಕಾಣದ ಕೊಳವೆಯಲ್ಲಿ ಮಾತ್ರ ಅಂಥ ಲೋಳೆ ಕಟ್ಟೋದು. ಕೊಳವೆ ಒಂದು ಹೇಳುತ್ತೆ, ನೀರು ಇನ್ನೊಂದು ಹೇಳುತ್ತೆ. ಯಾವುದು ಸುಳ್ಳು?"

ಆಕೆ ಪುಡಿಯ ಡಬ್ಬಿ ಎತ್ತಿ ತೋರಿಸಿದಳು.

"ನೀವು ಹಾಕೋ ಪುಡಿಯಲ್ಲಿ ಕ್ಲೋರಿನ್ ಜೊತೆಗೆ ಒಂದು ಆಮ್ಲ ಇರುತ್ತೆ. ಕ್ಲೋರಿನ್ ಖರ್ಚಾಗುತ್ತೆ, ಆಮ್ಲ ಖರ್ಚಾಗಲ್ಲ. ನೀರು ಹೊರಗೆ ಚೆಲ್ಲೋವರೆಗೂ ಅದು ಅಲ್ಲೇ. ಏಳು ವಾರದ ನೀರಲ್ಲಿ ಅದು ದಂಡಿಯಾಗಿ ಇರಬೇಕು. ಇಲ್ಲಿ ಇದ್ದೂ ಇಲ್ಲದಷ್ಟು. ಅಂದರೆ ಪುಸ್ತಕ ಸುಳ್ಳು. ನಾನು ಬರೋ ಎರಡು ಮೂರು ದಿನ ಮೊದಲು ಯಾರೋ ತೊಟ್ಟಿ ಖಾಲಿ ಮಾಡಿ ಹೊಸ ನೀರು ತುಂಬಿದ್ದಾರೆ. ಭಾನುವಾರ ಇಲ್ಲಿ ರಜೆ. ಶನಿವಾರ ಟೈಲರಮ್ಮ ಆಸ್ಪತ್ರೆ ಸೇರಿದ ಸುದ್ದಿ ಬಂದಿತ್ತು."

"ಬೀಗದ ಕೈ ಇವನ ಹತ್ತಿರ ಇರೋದು," ಎಂದರು ಡಾಕ್ಟರು. "ಇನ್ನೊಂದು ನನ್ನ ಜೊತೆ ಬೇರೆ ಊರಲ್ಲಿತ್ತು."

"ಹೌದು. ಆದರೆ ಹೊಸ ನೀರಿಗೆ ಪುಡಿ ಹಾಕಿ, ಅಳೆದು, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಮೂರಕ್ಕೇ ತಂದು ನಿಲ್ಲಿಸಿದ್ದಾರಲ್ಲ? ಸೊನ್ನೆಯನ್ನ ಮೂರು ಅನ್ನೋ ಕಣ್ಣಿಗೆ ಅದು ಆಗೋ ಕೆಲಸ ಅಲ್ಲ. ಬಣ್ಣ ಕಾಣೋರು ಮಾಡಿದ್ದು." ಆಕೆ ನೀರಣ್ಣನ ಕಡೆ ತಿರುಗಿದಳು. "ನಿಮ್ಮ ಬೀಗದ ಕೈ ಮನೆಯಲ್ಲಿ ಎಲ್ಲಿಡ್ತೀರಿ?"

ನೀರಣ್ಣನ ಕಣ್ಣ ಮುಂದೆ ಆ ಬೀಗದ ಕೈ ಬಂತು. ಅಡುಗೆಮನೆ ಬಾಗಿಲ ಪಕ್ಕದ ಮೊಳೆಯಲ್ಲಿ. ಆ ಮನೆಯಲ್ಲಿ ಇರುವುದು ಇಬ್ಬರೇ.

"ನಾನೇ ಖಾಲಿ ಮಾಡಿದ್ದು, ಮೇಡಂ," ಎಂದ. "ಭಾನುವಾರ ನಾನೇ ಬಂದಿದ್ದೆ. ಪಟ್ಟಿಯ ಬಣ್ಣ—ಅದು ದಾರಿಯಲ್ಲಿ ಹೋಗೋರನ್ನ ಕರೆದು ಕೇಳಿದೆ."

ಹೇಳುತ್ತ ಹೇಳುತ್ತ ಅವನು ಮಗಳ ಕಡೆ ನೋಡಿದ. ಬೇಡಪ್ಪ ಎನ್ನುತ್ತಾಳೆ ಎಂದುಕೊಂಡಿದ್ದ. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಆ ಸುಳ್ಳು ನಿಲ್ಲುತ್ತದೆಯೋ ಇಲ್ಲವೋ ಎಂದು ಇನ್ಸ್‌ಪೆಕ್ಟರಮ್ಮನ ಮುಖವನ್ನೇ ನೋಡುತ್ತಿದ್ದಳು.

"ಇದನ್ನ ನಾನು ಬರ್ಕೊಳ್ಳಲ್ಲ," ಎಂದು ಆಕೆ ಡಾಕ್ಟರ ಕಡತದಿಂದ ಮೂರು ಹಾಳೆ ತೆಗೆದಳು. "ಇವು ನಿಮ್ಮ ಮಗಳ ಅರ್ಜಿಗಳು. ಕೊನೆಯದು ಆರು ವಾರದ ಹಿಂದಿನದು. ನೀರಿಗೆ ಹಾಕೋ ಕ್ಲೋರಿನ್‌ಗೆ ಕೈ ಬಿರಿದು ರಕ್ತ ಬರ್ತಿದೆ, ಬೇರೆ ಕೆಲಸ ಕೊಡಿ, ಇಲ್ಲಾ ಉದ್ದ ಕೈಗವಸು ಕೊಡಿಸಿ ಅಂತ. ಫೋಟೋನೂ ಅಂಟಿಸಿದ್ದಾಳೆ. ನೋಡೋಕಾಗಲ್ಲ. ಡಾಕ್ಟರು ಅಂಚಿನಲ್ಲಿ ಬರೆದಿದ್ದಾರೆ: 'ನೀರಿನ ಕೆಲಸಕ್ಕೆ ಬಂದವರು ಕೈ ನೋಡಿಕೊಂಡು ಕೂರಬಾರದು.' ಆಮೇಲೂ ಇವಳು ಅದೇ ನೀರಲ್ಲಿ ದಿನಕ್ಕೆ ಐದಾರು ಗಂಟೆ ನಿಂತಳು. ನಾನು ಬಂದ ದಿನ ಚಹಾ ಕೊಟ್ಟ ಕೈಯಲ್ಲಿ ಒಂದು ಬಿರುಕೂ ಇರಲಿಲ್ಲ. ಎಲ್ಲರೂ ನೀರು ನೋಡಿದರು, ಕೈ ಯಾರೂ ನೋಡಲಿಲ್ಲ. ಕ್ಲೋರಿನ್ ನಿಂತ ಮೇಲೆ ತಾನೇ ಆ ಕೈ ವಾಸಿಯಾಗಿದ್ದು? ಇಷ್ಟು ವಾರ ಪುಡಿ ಹಾಕೋದು ನಿಲ್ಲಿಸಿದೋಳು ನೀನೇ ಅಲ್ವೇನಮ್ಮ?"

ನೀರಣ್ಣನಿಗೆ ನೆನಪಾಯಿತು. ತಿಂಗಳ ಹಿಂದೆ ಊಟದ ಹೊತ್ತಿಗೆ ಮಗಳ ಕೈ ನೋಡಿ, ಅಂತೂ ಮುಲಾಮು ಹಿಡಿಯಿತಲ್ಲ ಎಂದು ಅವನು ಎಷ್ಟು ಹಿಗ್ಗಿದ್ದ.

"ನೀರು ಸ್ವಚ್ಛವಾಗೇ ಇತ್ತು," ಎಂದಳು ಮಗಳು. ದನಿ ಏರಲಿಲ್ಲ. "ನೊರೆ ಇಲ್ಲ, ಜಿಡ್ಡಿಲ್ಲ. ಕನ್ನಡಿ ಹಾಗಿತ್ತು. ಯಾರಿಗೂ ಏನೂ ಆಗಲ್ಲ ಅಂದ್ಕೊಂಡೆ. ನಾನೂ ಅದೇ ನೀರಲ್ಲಿದ್ದೆನಲ್ಲ, ನನಗೇನಾಯ್ತು?"

"ನಿನಗೆ ಇಪ್ಪತ್ತಾರು. ಆಕೆಗೆ ಎಪ್ಪತ್ತೊಂದು. ಸರಿ, ಗೊತ್ತಿಲ್ಲದೆ ಮಾಡಿದೆ ಅನ್ನು. ಭಾನುವಾರ ನೀರು ಚೆಲ್ಲಿದ್ದು ಗೊತ್ತಿಲ್ಲದೇನಾ? ಆವತ್ತೇ ನಿಜ ಹೇಳಿದ್ದರೆ ಆಸ್ಪತ್ರೆಯವರು ಸರಿಯಾದ ಮದ್ದು ಎರಡು ದಿನ ಮೊದಲೇ ಶುರು ಮಾಡ್ತಿದ್ದರು."

ಮಗಳು ಗೋಡೆಗೆ ಒರಗಿ ನಿಂತಳು. ಡಾಕ್ಟರು ಮೆಲ್ಲಗೆ ಬಾಗಿಲ ಕಡೆ ಹೆಜ್ಜೆ ಹಾಕಿದರು. "ಕೂತ್ಕೊಳ್ಳಿ," ಎಂದಳು ಇನ್ಸ್‌ಪೆಕ್ಟರಮ್ಮ. "ಕೇಸಿನಲ್ಲಿ ನಿಮ್ಮ ಹೆಸರೂ ಇದೆ. ಕೈಗವಸು ಕೇಳಿದೋಳಿಗೆ ಬರೆದ ಉತ್ತರ ನಿಮ್ಮ ಅಕ್ಷರದಲ್ಲೇ ಇದೆ."

"ಅಪ್ಪ," ಎಂದಳು ಮಗಳು.

ನೀರಣ್ಣ ಅವಳನ್ನು ನೋಡಿದ. 

"ಆ ಮೂರನ್ನೆಲ್ಲ ನನ್ನ ಕೈಯಿಂದ ಬರೆಸಿದೆಯಲ್ಲಮ್ಮ," ಎಂದಷ್ಟೇ ಹೇಳಿ ಹೊರಗೆ ಬಂದ.

ಟೈಲರಮ್ಮನ ಗಂಡ ಬೆಂಚಿನ ಮೇಲೆ ಹಾಗೆಯೇ ಕೂತಿದ್ದ. ನೀರಣ್ಣ ಕೂರಲಿಲ್ಲ, ಎದುರಿಗೆ ನಿಂತು ಎಲ್ಲವನ್ನೂ ಹೇಳಿದ. ಮಗಳು ಮಾಡಿದ್ದು, ತಾನು ಕಣ್ಣಿನ ವಿಷಯ ಮುಚ್ಚಿಟ್ಟಿದ್ದು, ದಿನಕ್ಕೆ ಎರಡು ಮುಚ್ಚಳ ಸುರಿದದ್ದು. ಒಂದನ್ನೂ ಬಿಡಲಿಲ್ಲ. ಬೈಯಲಿ, ಕೊರಳಪಟ್ಟಿ ಹಿಡಿಯಲಿ ಎಂದು ಕಾದ.

ಆ ಮನುಷ್ಯ ಬೆರಳಿಗೆ ಮೆತ್ತಿದ್ದ ಅಂಟನ್ನು ಉಗುರಿನಿಂದ ಕೆರೆದ.

"ಹೋದ ತಿಂಗಳು ಅವಳು ನಿಮಗೆ ಒಂದು ಮಾತು ತಿಳಿಸಿ ಅಂದಿದ್ಳು," ಎಂದ. "ನಾನು ಮರೆತೇಬಿಟ್ಟೆ."

"ಏನು?"

"ಈಗೀಗ ನೀರು ಬಹಳ ಚೆನ್ನಾಗಿದೆ, ಒಂಚೂರೂ ವಾಸನೆ ಇಲ್ಲ. ನೀರಣ್ಣನಿಗೆ ಹೇಳಿ ಅಂತ."