ಡೋಣಿ ದಾಟುವ ಹೇರುದಾರಿ

"ಆ ದಾರಿ ಸತ್ತೈತಿ. ಸತ್ತ ದಾರಿಗಿ ಬೇಲಿ ಹಾಕಿದ್ರ ಯಾರ ಗಂಟ ಹೋತು?"

ವಿಜಾಪುರದ ಸಂತೆಯಲ್ಲಿ ಬಬಲೇಶ್ವರದ ಬಸಗೊಂಡಪ್ಪ ಗೌಡ ಹೀಗೆಂದಾಗ ಸುತ್ತ ನಿಂತವರು ನಕ್ಕರು. ಶಂಕ್ರೆವ್ವ ನಗಲಿಲ್ಲ.

"ಹೋದ ವರ್ಷ ನಾನ ನಡದೇನ್ರಿ. ಸತ್ತದ್ದು ಯಾವಾಗ?"

"ಬ್ಯಾಸಗಿಯಾಗ ಎಮ್ಮಿನೂ ನಡೀತಾವು. ಈ ಮಳಿಗಾಲದಾಗ ತಿಕೋಟಾದಿಂದ ಡೋಣಿ ಹೊಳಿ ಇಳದು ಬಬಲೇಶ್ವರಕ್ಕ ಬಂದು, ನನ್ನ ಕಟ್ಟಿಮ್ಯಾಲ ಕುಂತು ನೀರ ಕುಡೀರಿ. ಅವತ್ತ ಬೇಲಿ ಕಿತ್ತ ಒಗೀತೀನಿ."

"ಬರ್ತೀನ್ರಿ ಗೌಡ್ರ. ನೀರ ತುಂಬಿ ಇಡ್ರಿ."

ಅದು ಸಾವಿರದ ಒಂಬೈನೂರ ನಲವತ್ತಾರರ ಭಾದ್ರಪದ. ಜೋರಾಪುರ ಪೇಟೆಯಲ್ಲಿ ಎಣ್ಣೆ ಅಂಗಡಿ ನಡೆಸುವ ಶಂಕ್ರೆವ್ವನಿಗೆ ನಡಿಗೆಯ ಹುಚ್ಚು. ಗಂಡ ಸತ್ತ ವರ್ಷ ಮೂಲೆ ಹಿಡಿದು ಕೂರು ಎಂದ ಬಂಧುಗಳಿಗೆ ಅವಳು ಕೊಟ್ಟ ಉತ್ತರವೇ ಆ ನಡಿಗೆ. ಜೊತೆಗೆ ಇಬ್ಬರು: ದರ್ಜಿ ಅಬ್ದುಲಗನಿ, ಒಣಕಲು ಮೈಯ ಚುರುಕು ಮನುಷ್ಯ; ಚಿತ್ರ ಕಲಿಸುವ ಶಿವಯೋಗೆಪ್ಪ ಮಾಸ್ತರ, ಭಾರಿ ಆಳು, ಬಾಯಿ ಇನ್ನೂ ಭಾರಿ. ವಾರಕ್ಕೊಮ್ಮೆ ಮೂವರೂ ಊರು ಬಿಡುತ್ತಿದ್ದರು. ಅರಕೇರಿಯ ಕಲ್ಲುದಿಬ್ಬ, ಇಟ್ಟಂಗಿಹಾಳದ ಹಳ್ಳದ ದಂಡೆ ಎಲ್ಲವೂ ಅವರಿಗೆ ಪ್ರಿಯ. ಆದರೆ ಎಲ್ಲಕ್ಕಿಂತ ಪ್ರಿಯವಾದದ್ದು ಹೇರುದಾರಿ. ಹಿಂದೆ ಎತ್ತಿನ ಮೇಲೆ ಕಾಳು ಹೇರಿಕೊಂಡು ಹೋಗುತ್ತಿದ್ದ ಆ ಹಾದಿಗೆ ಈಗ ಗೌಡನ ಜಾಲಿಮುಳ್ಳು ಬಿದ್ದಿತ್ತು. ಹಾದಿಯನ್ನೂ ಉತ್ತು ಹೊಲಕ್ಕೆ ಸೇರಿಸಿಕೊಳ್ಳುವುದು ಅವನ ಲೆಕ್ಕ.

ಮೊದಲ ದಿನ ಇಟ್ಟಂಗಿಹಾಳದ ಮೇಲೆ ಹಾಯ್ದು ತಿಕೋಟಾ ಮುಟ್ಟಿ, ಗನಿಯ ಅಕ್ಕ ಮಕ್ತುಮಬಿಯ ಮನೆಯಲ್ಲಿ ತಂಗಿದರು. ಬೆಳಿಗ್ಗೆ ಸಜ್ಜಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ತೆಂಕಣಕ್ಕೆ ತಿರುಗಿದರು.

ತಿಕೋಟಾದ ಕೆಂಪುಗಲ್ಲಿನ ಮರಡಿ ಇಳಿದದ್ದೇ ತಡ, ನೆಲದ ಬಣ್ಣವೇ ಬದಲಾಯಿತು. ಕಣ್ಣು ಹೋದಲ್ಲೆಲ್ಲ ಎರೆಭೂಮಿ, ನೆನೆದು ಕರ್ರಗೆ ಮಿನುಗುತ್ತಿತ್ತು. ಸಜ್ಜೆಯ ತೆನೆಗಳ ಮೇಲೆ ಗುಬ್ಬಿಗಳ ದಂಡು ಎದ್ದು ಕೂರುತ್ತಿತ್ತು. ಮರಗಳು ಅಲ್ಲೊಂದು ಇಲ್ಲೊಂದು. ಆಕಾಶವೇ ಅರ್ಧ ಸೀಮೆ. ದೂರದಲ್ಲಿ ಡೋಣಿಯ ತಗ್ಗು ಬಾಗಿದ ಬರೆಯಂತೆ ಕಾಣುತ್ತಿತ್ತು. ಇಲ್ಲಿ ಬಂದಾಗಲೆಲ್ಲ ಶಂಕ್ರೆವ್ವನ ಎದೆ ಅಗಲವಾಗುತ್ತಿತ್ತು. ಇಂಥ ಬಯಲಿಗೆ ಮುಳ್ಳು ಹಚ್ಚುವ ಕೈ ಎಂಥದ್ದಿರಬೇಕು ಎಂದು ಅವಳಿಗೆ ಸಿಟ್ಟು ಬಂತು.

ಬೇಲಿ ಆಳೆತ್ತರ ಇತ್ತು. ಅದರಾಚೆ ಗೌಡನ ಕಾವಲುಗಾರ ದಾವಲಸಾಬ ಬಡಿಗೆ ಹಿಡಿದು ನಿಂತಿದ್ದ.

"ಹಿಂದ ಸರೀರಿ. ಗೌಡ್ರ ಹುಕುಂ ಐತಿ."

"ಹುಕುಂ ನಿನಗೈತಿ, ನಮಗಿಲ್ಲ" ಎಂದಳು ಶಂಕ್ರೆವ್ವ. ಹೆಗಲ ಮೇಲಿನ ಕಂಬಳಿಯನ್ನು ಮಡಚಿ ಬೇಲಿಯ ಮೇಲೆ ಒಗೆದಳು. "ಗನಿ, ಕೈ ಕೊಡು."

ಕಂಬಳಿಯ ಕೆಳಗೆ ಮುಳ್ಳು ಲಟಲಟನೆ ಮುರಿಯಿತು. ಮೊಣಕೈ ತರಚಿತು, ಸೆರಗು ಹರಿಯಿತು. ಅವಳು ಆಚೆಗೆ ಧುಮುಕಿದಾಗ ದಾವಲಸಾಬ ಬಡಿಗೆ ಎತ್ತಿದ್ದ.

"ಹೊಡಿ. ಒಂದ ಕಾಲ ಮುರದ್ರ ಇನ್ನೊಂದರ ಮ್ಯಾಲ ಹೋಗ್ತೀನಿ."

ಬಡಿಗೆ ಗಳಿಗೆ ಹೊತ್ತು ಗಾಳಿಯಲ್ಲೇ ನಿಂತು ಮೆಲ್ಲಗೆ ಕೆಳಗಿಳಿಯಿತು. "ಲಗೂನ ಹೋಗ್ರಿ ಬೇ" ಎಂದ ಅವನು, ಮುಖ ತಿರುಗಿಸಿ. "ಡೋಣಿ ಹುಟ್ಟೋ ಜತ್ತದ ಕಡೆ ರಾತ್ರಿಯೆಲ್ಲಾ ಮಿಂಚಾಕತ್ತಿತ್ತು. ಡೋಣಿ ನಂಬಬ್ಯಾಡ್ರಿ."

ಗನಿ, ಮಾಸ್ತರ ಇಬ್ಬರೂ ಕಂಬಳಿಯ ಮೇಲೆ ಹಾಯ್ದು ಬಂದರು. ಡೋಣಿಯಲ್ಲಿ ನೀರು ಮೊಣಕಾಲಿಗಷ್ಟೇ ಇತ್ತು. ಅದರಾಚೆಯ ರಾಡಿ ಮಾತ್ರ ಮೋಸದ್ದು. ಗನಿ ಜಿಗಿಯುತ್ತ ದಾಟಿದ. ಶಂಕ್ರೆವ್ವ ಅವನ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು ದಂಡೆ ಹತ್ತಿದಳು. ಮಾಸ್ತರ ಮಾತ್ರ ಒಳದಾರಿ ಹುಡುಕಲು ಹೋಗಿ ಸೊಂಟದವರೆಗೆ ಹೂತ.

"ಅಕ್ಕಾರ, ನೆಲ ನನ್ನ ನುಂಗಾಕತ್ತೈತಿ!"

ಅಷ್ಟರಲ್ಲಿ ಸದ್ದು ಬಂತು. ನೂರು ಬಂಡಿ ಒಟ್ಟಿಗೆ ಉರುಳಿದಂಥ ಸದ್ದು.

"ಹೊಳಿ ಬಂತು!" ಗನಿ ಕೂಗಿದ.

ತಿರುವಿನಲ್ಲಿ ಕೆಂಪು ನೀರು ನೊರೆ ಕಾರುತ್ತ ಕಾಣಿಸಿತು.

"ಮಾಸ್ತರ, ರುಮಾಲ ಬಿಚ್ಚರಿ! ಒಂದ ತುದಿ ಬಗಲಾಗ ಸುತ್ಕೊಂಡು ಇನ್ನೊಂದು ಇತ್ತಾಗ ಒಗೀರಿ!" ಶಂಕ್ರೆವ್ವ ಒದರಿದಳು.

ರುಮಾಲಿನ ತುದಿ ಹಾರಿ ಬಂತು. ಶಂಕ್ರೆವ್ವ ಅದನ್ನು ದಂಡೆಯ ಬನ್ನಿಮರದ ಬುಡಕ್ಕೆ ಒಂದು ಸುತ್ತು ಹಾಕಿ ಹಿಡಿದಳು.

"ನಿಂದರಬ್ಯಾಡ್ರಿ, ಬೋರಲ ಬೀಳ್ರಿ! ಈಸಬಿದ್ದಂಗ ಕಾಲ ಬಡೀರಿ!"

ಮಾಸ್ತರ ರಾಡಿಯ ಮೇಲೆ ಮಲಗಿದ. ಗನಿ ಎಳೆದ. ಅವಳೂ ಎಳೆದಳು. ಬಟ್ಟೆ ಅಂಗೈ ಸುಟ್ಟಿತು. ನೀರು ಅವನ ಕಾಲು ಮುಟ್ಟಿತು. ಅದೇ ನೀರು ರಾಡಿಯನ್ನು ಸಡಿಲಿಸಿತು. ಮಾಸ್ತರ ಕಿತ್ತುಕೊಂಡು ಬಂದು ದಂಡೆಗೆ ಬಿದ್ದ. ಅವನು ಹೂತಿದ್ದ ಜಾಗದ ಮೇಲೆ ಡೋಣಿ ಹರಿಯಿತು.

ಮಾಸ್ತರ ಎದ್ದು ಕೂತು ತನ್ನ ಬರಿಗಾಲು ನೋಡಿಕೊಂಡ.

"ಚಪ್ಪಲ ಹೋದ್ವು" ಎಂದ ಮಾಸ್ತರ. ಮೂವರೂ ಹುಚ್ಚರ ಹಾಗೆ ನಕ್ಕರು.

ಸಂಜೆ ಬಬಲೇಶ್ವರದಲ್ಲಿ ಗೌಡನ ಕಟ್ಟೆಯ ಮೇಲೆ ಕೂತಾಗ ಅವರ ಮೈಯೆಲ್ಲ ಕರಿ ರಾಡಿ. ನೀರು ಬಂತು. ಗೌಡನ ಮಾತು ಮಾತ್ರ ತಿರುಗಿತು.

"ಸಾರವಾಡದ ದೊಡ್ಡ ರಸ್ತಾದಾಗ ಸುತ್ತಿ ಬಂದು ರಾಡಿ ಬಡಕೊಂಡೀರಿ. ಡೋಣಿ ತುಂಬಿ ಹರ್ಯಾಕತ್ತೈತಿ, ಅದನ್ನ ದಾಟೋದುಂಟ? ಯಾರ ನೋಡ್ಯಾರ?"

ಗನಿ ಸಿಡಿದೆದ್ದ. ಶಂಕ್ರೆವ್ವ ಅವನ ತೋಳು ಹಿಡಿದಳು. ನೀರನ್ನು ಕೊನೆಯ ಗುಟುಕಿನವರೆಗೆ ಕುಡಿದು ತಂಬಿಗೆ ಕೆಳಗಿಟ್ಟಳು.

"ಹೊಳಿ ಇಳದ ಕೂಡ್ಲೆ ಅದ ದಾರೀಲೆ ತಿರುಗಿ ಹೋಗ್ತೀವ್ರಿ. ನೋಡೋರು ಬರ್ರಿ."

ಮರುದಿನ ಹೊಳೆ ಇಳಿದು, ಅವರು ಹೊರಟಾಗ ಬೋರವ್ವ ಎಂಬ ಹೆಂಗಸು ಕುಡಗೋಲು ಹಿಡಿದು ಹಿಂದೆ ಬಂದಳು. "ತಿಕೋಟಾ ನನ್ನ ತವರಮನಿ. ಬೇಲಿ ಬಿದ್ದಾಗಿಂದ ಅವ್ವನ ಮಾರಿ ನೋಡಿಲ್ಲ" ಎಂದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಕಂಬಾರ, ಆಮೇಲೆ ಅರ್ಧ ಓಣಿ.

ಡೋಣಿಯಲ್ಲಿ ಕೈಗೆ ಕೈ ಕೊಟ್ಟು ಸರಪಳಿಯಾಗಿ ಇಳಿದರು. ಸೆಳವು ತೊಡೆಗೆ ಗುದ್ದಿತು. ಬೋರವ್ವ ಒಮ್ಮೆ ಜಾರಿದಳು, ಶಂಕ್ರೆವ್ವನ ಗಾಯದ ಅಂಗೈ ಬಿಡಲಿಲ್ಲ. ಎಲ್ಲರೂ ಆಚೆ ದಂಡೆ ಹತ್ತಿದಾಗ ಹಿಂದಿನ ದಂಡೆಯಲ್ಲಿ ಗೌಡನ ಕುದುರೆ ರಾಡಿ ಕಂಡು ಹಿಮ್ಮೆಟ್ಟುತ್ತಿತ್ತು.

"ಬೇಲಿ ಮುಟ್ಟೀರಿ ಜ್ವಾಕಿ!" ಗೌಡ ಅಲ್ಲಿಂದಲೇ ಕೂಗಿದ.

"ದಾಟಿ ಬಂದು ಹೇಳ್ರಿ, ಗೌಡ್ರ!" ಶಂಕ್ರೆವ್ವನೂ ಕೂಗಿದಳು.

ಅವನು ದಾಟಲಿಲ್ಲ. ಕುಡಗೋಲುಗಳು ಏರಿ ಇಳಿದವು. ದಾವಲಸಾಬ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಡಿಗೆಯ ತುದಿಯಿಂದ ಕಡಿದ ಮುಳ್ಳನ್ನು ಬದಿಗೆ ತಳ್ಳತೊಡಗಿದ. ಹೊತ್ತು ಏರುವುದರೊಳಗೆ ಎರಡು ಹೇರೆತ್ತು ಒಟ್ಟಿಗೆ ಹಾಯುವಷ್ಟು ಅಗಲ ದಾರಿ ತೆರೆಯಿತು. ಬೋರವ್ವ ಯಾರಿಗೂ ಹೇಳದೆ ತಿಕೋಟಾದತ್ತ ಓಡುನಡಿಗೆಯಲ್ಲಿ ಹೊರಟೇಬಿಟ್ಟಳು.

ಎರಡು ದಿನದ ಮೇಲೆ ಶಂಕ್ರೆವ್ವ ಕುಂಟುತ್ತ ಅಂಗಡಿ ತೆರೆದಳು. ಎಣ್ಣೆಗೆ ಬಂದ ಮುದುಕಿಯೊಬ್ಬಳು ಅವಳ ಕಾಲು ನೋಡಿ ಕೇಳಿದಳು, "ಎಲ್ಲಿ ಬಿದ್ದೆವ್ವಾ?"

"ಬಿದ್ದಿಲ್ಲಬೇ. ಬಬಲೇಶ್ವರಕ್ಕ ಹೋಗಿ ಬಂದೆ."

"ಯಾವ ದಾರೀಲೆ?"

ಶಂಕ್ರೆವ್ವ ಎಣ್ಣೆ ಅಳೆಯುತ್ತ ತಲೆ ಎತ್ತಿದಳು.

"ನಮ್ಮ ದಾರೀಲೆ."