ಖಾಲಿ ಬೆನ್ನು

ನಾನು ಹೆದರುವ ಪೈಕಿಯಲ್ಲ, ಹೆಣ ಕಟ್ಟಿದ ಕೈ ಇದು. ಸೋಂಕಿನ ಆ ವರ್ಷ ನಾವು ನರ್ಸುಗಳು ಮೈತುಂಬ ಬಿಳಿ ಕವಚ ತೊಟ್ಟರೆ ಯಾರು ಯಾರೆಂದೇ ತಿಳಿಯುತ್ತಿರಲಿಲ್ಲ. ಅದಕ್ಕೇ ನಮ್ಮ ಹಿರಿಯ ನರ್ಸ್ ದೊಡ್ಡಕ್ಕ ಎಲ್ಲರ ಬೆನ್ನ ಮೇಲೂ ನೀಲಿ ಮಾರ್ಕರಿನಲ್ಲಿ ಹೆಸರು ಬರೆಯುತ್ತಿದ್ದಳು. ನನ್ನ ಹೆಸರಿನ ಕೆಳಗೆ ಮಾತ್ರ 'ಇವಳು ಊಟ ಮಾಡಿಲ್ಲ, ಹೊರಗೆ ಕಳಿಸಿ' ಎಂದು ಸೇರಿಸುತ್ತಿದ್ದಳು.

"ನೀನೂ ಸ್ವಲ್ಪ ಮಲ್ಕೊಳ್ಳಕ್ಕ" ಎಂದರೆ, "ನಂಗೇನಾಗಿದೆಯೇ? ಗುಂಡುಕಲ್ಲಿನ ಹಾಗಿದೀನಿ" ಎನ್ನುತ್ತಿದ್ದಳು. ಇಪ್ಪತ್ತೆರಡು ದಿನ ಮನೆಯ ಮುಖ ನೋಡದೆ ದುಡಿದವಳು ಒಂದು ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತಲ್ಲೇ ಹೋಗಿಬಿಟ್ಟಳು. ಮಾರ್ಕರನ್ನು ಅವಳ ಜೇಬಿನಲ್ಲಿಟ್ಟೇ ಕಳಿಸಿಕೊಟ್ಟೆವು.

ಅವಳು ಹೋದ ಒಂಬತ್ತನೆಯ ದಿನ ಮಧ್ಯಾಹ್ನ ಅದೇ ಕೋಣೆಯಲ್ಲಿ ಒಬ್ಬಳೇ ಹೊಸ ಕವಚ ತೊಟ್ಟೆ. ಬೆನ್ನ ಮೇಲೆ ಯಾರೋ ತಣ್ಣನೆಯ ಬೆರಳು ಎಳೆದ ಹಾಗಾಯಿತು. ಬೆವರಿರಬೇಕೆಂದು ವಾರ್ಡಿಗೆ ಹೋದೆ. ಮೂಲೆಯ ಹಾಸಿಗೆಯಲ್ಲಿದ್ದ ಅಜ್ಜ ಏದುಸಿರು ಬಿಡುತ್ತಲೇ, "ಹೋಗಮ್ಮ, ಮೊದ್ಲು ಊಟ ಮಾಡು. ಬೆನ್ನ ಮೇಲೆ ಬರೆದಿದೆಯಲ್ಲ" ಎಂದರು.

ಕವಚ ಕಳಚಿ ನೋಡಿದೆ. ಅದೇ ನೀಲಿ, ಅದೇ ದುಂಡು ಅಕ್ಷರ. ಉಜ್ಜಿದರೆ ಬೆರಳಿಗೆ ಅಂಟಿತು. ಶಾಯಿ ಇನ್ನೂ ಹಸಿಯಾಗಿತ್ತು.

ಅವಳಿದ್ದಾಗ ಖಾಲಿ ಬೆನ್ನು ಕಂಡರೆ ಅದು ದೊಡ್ಡಕ್ಕ ಎಂದೇ ನಮಗೆಲ್ಲ ಗುರುತು. ಅವಳೂ ಉಂಡಿಲ್ಲವೆಂದು ಅಲ್ಲಿ ಒಂದು ದಿನವೂ ನಾವ್ಯಾರೂ ಬರೆಯಲಿಲ್ಲ.