ಕಾರ್ಬುರೇಟರಿನ ಮೇಲೊಂದು ಗುಲಾಬಿ ಚುಕ್ಕೆ

ನಮ್ಮ ಫಿಯಟ್ಟಿನ ಬಾನೆಟ್ ಎತ್ತಿ ಅವನು ಮಾಡಿದ ಮೊದಲ ಕೆಲಸ ಫೋಟೊ ತೆಗೆದಿದ್ದು. ಒಂದಲ್ಲ, ಹನ್ನೊಂದು. ನಾನು ಎಣಿಸಿದೆ.

"ಫೋಟೊ ಯಾಕೆ?" ಎಂದೆ.

"ನೆನಪಿಗೆ ಮೇಡಮ್," ಎಂದು ನಕ್ಕ. ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬಿತ್ತು. ಗುಳಿ ಬೀಳುವ ಗಂಡಸರ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ.

ನಂಬದೇ ಇರುವುದೇ ನನ್ನ ಹೊಟ್ಟೆಪಾಡು. ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಮುಂದೆ ಬಂದ ಪ್ರತಿ ಪೀಸನ್ನೂ ತಿರುಗಿಸಿ ಮುರುಗಿಸಿ ನೋಡಿ, ಸರಿ ಇದ್ದರೆ ಹಳದಿ ಪೇಂಟಿನ ಒಂದು ಚುಕ್ಕೆ ಇಡುತ್ತೇನೆ. ಚುಕ್ಕೆ ಇಲ್ಲದ್ದು ಗೇಟು ದಾಟುವುದಿಲ್ಲ. ವಯಸ್ಸು ಮೂವತ್ತೊಂದಾದರೂ ಮದುವೆಗೆ ಒಪ್ಪಿಲ್ಲವೆಂದು ಅಮ್ಮ ನೆಂಟರ ಮುಂದೆಲ್ಲ ಗೊಣಗುತ್ತಾಳೆ. "ಬಂದ ಗಂಡುಗಳ್ನೆಲ್ಲಾ ರಿಜೆಕ್ಟ್ ಮಾಡೋದೇ ನಮ್ಮ ಪ್ರಮೋದಾಳ ಡ್ಯೂಟಿ!"

ಈ ಗುಳಿಗೆನ್ನೆಯವನ ಹೆಸರು ಭೀಮರಾಜ್. ದೇವನಹಳ್ಳಿಯಲ್ಲಿ ಲೇತ್ ಅಂಗಡಿ ಇಟ್ಟಿದ್ದಾನೆ. ನಮ್ಮ ಕಡೆ ಹಳೇ ಕಾರು ಇಟ್ಟುಕೊಂಡವರದೊಂದು ಬಳಗವಿದೆ. ಒಬ್ಬರ ಗಾಡಿ ಕೆಟ್ಟರೆ ಇನ್ನೊಬ್ಬರು ಹೋಗಿ ಸರಿಮಾಡಿಕೊಡುವುದು ಅಲ್ಲಿನ ಪದ್ಧತಿ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಎಲ್ಲರೂ ನಲ್ಲೂರಿನ ಹುಣಸೇ ತೋಪಿನಲ್ಲಿ ಸೇರುವುದು, ಈ ಸಲ ಸಂಜೀವಪ್ಪನ ಗಾಡಿ ಬರಲೇಬೇಕು ಎಂದು ಬಳಗದ ಅಧ್ಯಕ್ಷ ಆಂಜಿನಪ್ಪ ಇವನನ್ನು ನಮ್ಮ ಮನೆಗೆ ಅಟ್ಟಿದ್ದ.

ಸಂಜೀವಪ್ಪ ನನ್ನ ಅಪ್ಪ. ಹಾಲುಕೆನೆ ಬಣ್ಣದ ಆ ಅರವತ್ತಮೂರನೇ ಇಸವಿಯ ಫಿಯಟ್ಟು ಒಂದು ಕಾಲಕ್ಕೆ ದೊಡ್ಡಬಳ್ಳಾಪುರದ ಮದುವೆ ಗಾಡಿ. ಊರಿನ ಅರ್ಧ ಹೆಣ್ಣುಮಕ್ಕಳು ಹೂವು ಸುತ್ತಿದ ಅದೇ ಗಾಡಿಯಲ್ಲಿ ಕೂತು ಗಂಡನ ಮನೆಗೆ ಹೋದವರು. ಅಮ್ಮ ಮಾತ್ರ ಬಂದಿದ್ದು ಲಾರಿಯಲ್ಲಿ. ಆಗಿನ್ನೂ ಅಪ್ಪ ಗಾಡಿ ತಗೊಂಡಿರಲಿಲ್ಲ. ಆ ಮಾತನ್ನು ಅವಳು ಇವತ್ತಿಗೂ ಬಿಟ್ಟಿಲ್ಲ.

ಏಳು ವರ್ಷದ ಕೆಳಗೆ ಹೀಗೇ ಒಬ್ಬ ಬಂದಿದ್ದ. ಅವನೂ ನಗುಮುಖದವನೇ. ಪಾಲಿಶ್ ಮಾಡಿಸಿಕೊಡುತ್ತೇನೆ ಎಂದು ಗಾಡಿ ಒಯ್ದು ಹತ್ತು ದಿನಕ್ಕೆ ವಾಪಸ್ಸು ತಂದುಬಿಟ್ಟ. ಆಯುಧಪೂಜೆಯ ದಿನ ಕುಂಕುಮ ಇಡುವ ಮೊದಲು ಬಟ್ಟೆಯಲ್ಲಿ ಒರೆಸುತ್ತಿದ್ದ ಅಪ್ಪನ ಕೈ ಸ್ಟೀರಿಂಗಿನ ಹಾರ್ನ್ ರಿಂಗಿನ ಮೇಲೆ ನಿಂತುಬಿಟ್ಟಿತು. ಅದು ನಮ್ಮದಲ್ಲ. ಹೆಡ್‌ಲೈಟಿನ ರಿಂಗು ನಮ್ಮದಲ್ಲ. ಮೀಟರೂ ನಮ್ಮದಲ್ಲ. ಒರಿಜಿನಲ್ ಎಲ್ಲ ಬಿಚ್ಚಿಕೊಂಡು ಡೂಪ್ಲಿಕೇಟ್ ಹಾಕಿ ಕೊಟ್ಟಿದ್ದ. ಅಪ್ಪ ಬೈಯಲಿಲ್ಲ, ಯಾರಿಗೂ ಹೇಳಲಿಲ್ಲ. ಕೀಯನ್ನು ದೇವರ ಗೂಡಿನಲ್ಲಿ ಇಟ್ಟವನು ಮತ್ತೆ ಮುಟ್ಟಲೇ ಇಲ್ಲ. ಇನ್ನೊಂದು ಸಲ ಹಾಗಾದರೆ ಅಪ್ಪ ತಡೆದುಕೊಳ್ಳುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಭೀಮರಾಜ್ ಮೊದಲ ದಿನ ಬೈಕು ಹತ್ತಿ ಹೋದ ಕೂಡಲೇ ನಾನು ನನ್ನ ನೇಲ್ ಪಾಲಿಶ್ ಬಾಟಲಿ ತಂದೆ. ತಿಳಿ ಗುಲಾಬಿ ಬಣ್ಣದ್ದು. ಬಾನೆಟ್ಟಿನೊಳಗೆ ಬಿಚ್ಚಲು ಬರುವ ಪ್ರತಿ ಸಾಮಾನಿನ ಮೂಲೆಯಲ್ಲೂ ಕಂಡೂ ಕಾಣದ ಹಾಗೆ ಒಂದೊಂದು ಚುಕ್ಕೆ ಇಟ್ಟೆ. ಬದಲಾಯಿಸಲಿ ನೋಡೋಣ ಎಂದುಕೊಂಡೆ.

ಮುಂದಿನ ಭಾನುವಾರ ಬಂದವನು ಡೈನಮೊ ಬಿಚ್ಚಿದ.

"ಇದನ್ನ ಅಂಗಡಿಗೆ ತಗೊಂಡೋಗ್ತೀನಿ ಯಜಮಾನ್ರೇ. ಬುಷ್ ಹೋಗಿದೆ," ಎಂದು ಅಪ್ಪನಿಗೆ ಹೇಳಿದ.

"ಇಲ್ಲೇ ಮಾಡೋಕಾಗಲ್ವಾ?" ಎಂದೆ ನಾನು.

"ಲೇತ್ ಮೆಷಿನ್ ಬೈಕಲ್ಲಿ ಬರಲ್ಲ ಮೇಡಮ್. ಬೇಕಾದ್ರೆ ನೀವೇ ಬನ್ನಿ, ಮುಂದೆ ಕೂತ್ಕೊಂಡು ನೋಡಿ. ಟೀ ಕೊಡಿಸ್ತೀನಿ."

ಒಂದು ವಾರ ಕಳೆದು ಡೈನಮೊ ಬಂತು. ಮೈಯೆಲ್ಲ ತಿಕ್ಕಿ ತೊಳೆದು ಮಿರಮಿರ ಮಿಂಚುತ್ತಿತ್ತು. ಕೈಯಲ್ಲಿ ಹಿಡಿದು ತಿರುಗಿಸಿದೆ. ಮೂಲೆಯಲ್ಲಿ ನನ್ನ ಗುಲಾಬಿ ಚುಕ್ಕೆ ಇದ್ದಲ್ಲಿಯೇ ಇತ್ತು.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಒಳ್ಳೆಯವನೊಬ್ಬನನ್ನು ಸುಮ್ಮಸುಮ್ಮನೆ ಕಳ್ಳ ಮಾಡಿದೆನಲ್ಲಾ ಎಂದು ನಾಚಿಕೆಯೂ ಆಯಿತು. ಅಲ್ಲಿಂದ ಮುಂದೆ ನಾನು ಚುಕ್ಕೆ ನೋಡುವುದನ್ನೇ ಬಿಟ್ಟೆ. ಒಂದು ಪೀಸ್ ಸರಿ ಬಂತೆಂದು ಇಡೀ ಲಾಟನ್ನು ಪಾಸ್ ಮಾಡುವುದು ಕೆಲಸಕ್ಕೆ ಹೊಸದಾಗಿ ಸೇರಿದವರು ಮಾಡುವ ತಪ್ಪು. ಎಂಟು ವರ್ಷದ ಅನುಭವ ಇಟ್ಟುಕೊಂಡು ನಾನು ಅದನ್ನೇ ಮಾಡಿದೆ. ಮೇಲಾಗಿ ಭಾನುವಾರ ಬೆಳಿಗ್ಗೆ ನೈಟಿಯಲ್ಲಿ ಇರುತ್ತಿದ್ದವಳು ಚೂಡಿದಾರ್ ಹಾಕಲು ಶುರುಮಾಡಿದೆ.

ಶೆಡ್ಡಿನಲ್ಲಿ ಬೆಳಕು ಸಾಲದು. ಅವನು ಬಗ್ಗಿ ಕೆಲಸ ಮಾಡುವಾಗ ನಾನು ಟಾರ್ಚ್ ಹಿಡಿಯುತ್ತಿದ್ದೆ.

"ಟಾರ್ಚ್ ಎಂಜಿನ್ ಮೇಲೆ ಬಿಡಿ ಮೇಡಮ್, ನನ್ ಮುಖದ ಮೇಲಲ್ಲ."

"ಮುಖದ ಮೇಲೆ ಬಿಟ್ರೆ ಸುಳ್ಳು ಹೇಳ್ತಿದೀರಾ ಇಲ್ವಾ ಗೊತ್ತಾಗ್ತದೆ."

"ಏನ್ ಗೊತ್ತಾಯ್ತು?"

"ಗಡ್ಡ ಟ್ರಿಮ್ ಮಾಡ್ಕೊಂಡು ಬಂದಿದೀರಾ ಅಂತ."

ಅವನ ಕಿವಿ ಕೆಂಪಾಯಿತು. ಸ್ಪ್ಯಾನರ್ ಕೈಜಾರಿ ಕೆಳಗೆ ಬಿತ್ತು. ಇಬ್ಬರೂ ಒಟ್ಟಿಗೇ ಬಗ್ಗಿದೆವು. ಗ್ರೀಸು ಮೆತ್ತಿದ ಬೆರಳು ನನ್ನ ಬೆರಳಿಗೆ ತಾಗಿತು. ಆ ಕಪ್ಪು ಕಲೆಯನ್ನು ಸಂಜೆಯವರೆಗೂ ತೊಳೆಯದೆ ಇಟ್ಟುಕೊಂಡಿದ್ದೆ ಎಂದು ಹೇಳಿದರೆ ಯಾರೂ ನಂಬಲಾರರು.

ಹೀಗೆ ವಾರಕ್ಕೊಂದರಂತೆ ಕಾರ್ಬುರೇಟರ್, ಫ್ಯುಯೆಲ್ ಪಂಪ್, ಡಿಸ್ಟ್ರಿಬ್ಯೂಟರ್ ಎಲ್ಲ ಟವಲಿನಲ್ಲಿ ಸುತ್ತಿಕೊಂಡು ಹೋದವು, ಬಂದವು. ನಲ್ಲೂರಿನ ಕೂಟಕ್ಕೆ ಒಂದು ವಾರ ಇರುವಾಗ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಪ್ಪ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದ. ಕಣ್ಣು ಒರೆಸಿಕೊಳ್ಳಲು ಹೋಗಿದ್ದ ಎಂದು ನಮಗೆಲ್ಲ ಗೊತ್ತಾಯಿತು. ಅಮ್ಮ ಹಿತ್ಕಿದ ಬೇಳೆ ಸಾರಿನಲ್ಲಿ ಭೀಮರಾಜನಿಗೆ ಮೂರನೇ ಮುದ್ದೆ ಮುರಿಸಿದಳು.

ಊಟ ಮುಗಿಸಿ ಕೈತೊಳೆಯಲು ಹಿತ್ತಲಿಗೆ ಹೋದವನು ಫೋನಿನಲ್ಲಿ ಮಾತಾಡುತ್ತಿದ್ದ. ಕಾಫಿ ಹಿಡಿದುಕೊಂಡು ಹೋದ ನಾನು ಬಾಗಿಲ ಹಿಂದೆಯೇ ನಿಂತೆ.

"ಹೂಂ, ಒರಿಜಿನಲ್ಲೆಲ್ಲಾ ಬಿಚ್ಚಾಯ್ತು," ಎನ್ನುತ್ತಿದ್ದ ಮೆಲ್ಲಗೆ. "ಅವ್ರಿಗೆ ಗೊತ್ತಾಗ್ಬಾರ್ದು ಅಷ್ಟೆ."

ಕಾಫಿಯನ್ನು ತುಳಸಿ ಗಿಡದ ಬುಡಕ್ಕೆ ಚೆಲ್ಲಿದೆ.

ಅವನು ಹೋದ ಮೇಲೆ ಬಾನೆಟ್ ಎತ್ತಿದೆ. ಡೈನಮೊ ಮೇಲೆ ಚುಕ್ಕೆ ಇತ್ತು. ಕಾರ್ಬುರೇಟರ್ ಮೇಲೆ ಇರಲಿಲ್ಲ. ಫ್ಯುಯೆಲ್ ಪಂಪಿನ ಮೇಲೆ ಇರಲಿಲ್ಲ. ಡಿಸ್ಟ್ರಿಬ್ಯೂಟರಿನಲ್ಲೂ ಇಲ್ಲ. ತೊಳೆಯುವಾಗ ಹೋಗಿರಬಹುದೆಂದು ಮನಸ್ಸು ಹಠ ಹಿಡಿಯಿತು. ಆದರೆ ನಮ್ಮ ಕಾರ್ಬುರೇಟರಿಗೆ ಒಂದು ಕಡೆ ಚಕ್ಕೆ ಎದ್ದಿತ್ತು. ಇದಕ್ಕೆ ಎಲ್ಲೂ ಒಂದು ಗೀರೂ ಇಲ್ಲ. ಅಲ್ಲಿಗೆ ಮುಗಿಯಿತು. ಮೋಸ ಹೋದದ್ದಕ್ಕಿಂತ, ಚೂಡಿದಾರ್ ಹಾಕಿಕೊಂಡು ಮೋಸ ಹೋದೆನಲ್ಲಾ ಎಂಬುದು ಹೆಚ್ಚು ಚುಚ್ಚಿತು. ಬಾನೆಟ್ ಮೇಲೆ ತಲೆಯಿಟ್ಟು ಅತ್ತೆ.

ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಅವನು ಆಗಲೇ ಬಿಳೀ ಪ್ಯಾಂಟು ಶರಟು ಇಸ್ತ್ರಿಗೆ ಕೊಟ್ಟಿದ್ದ. ನಲ್ಲೂರಿನಲ್ಲಿ ಎಲ್ಲರೂ ಸೇರಿರುತ್ತಾರೆ, ಅಪ್ಪ ಒಂದು ಸಲ ಗಾಡಿ ಓಡಿಸಿಕೊಂಡು ಬರಲಿ, ಆಮೇಲೆ ಬಳಗದ ಮುಂದೆಯೇ ಇವನ ಮುಖವಾಡ ಕಿತ್ತುಹಾಕುತ್ತೇನೆ ಎಂದು ತೀರ್ಮಾನಿಸಿದೆ. ಸಾಕ್ಷಿಗೆ ಇರಲಿ ಎಂದು ನೇಲ್ ಪಾಲಿಶ್ ಬಾಟಲಿಯನ್ನು ಬ್ಯಾಗಿನಲ್ಲಿಟ್ಟುಕೊಂಡೆ.

ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದಿಂದ ಹತ್ತು ಹಳೇ ಗಾಡಿಗಳು ಸಾಲಾಗಿ ಹೊರಟವು. ಅಮ್ಮ ಆಂಜಿನಪ್ಪನ ಹೆಂಡತಿಯ ಜೊತೆ ಅವರ ಅಂಬಾಸಿಡರಿನಲ್ಲಿ ಕೂತಳು. ನಾನು ಅಪ್ಪನ ಪಕ್ಕ. ಏಳು ವರ್ಷದ ಮೇಲೆ ಸ್ಟೀರಿಂಗ್ ಹಿಡಿದ ಅಪ್ಪ ದಾರಿಯುದ್ದಕ್ಕೂ ನಗುತ್ತಲೇ ಇದ್ದ.

"ಹೆಂಗ್ ಓಡ್ತೈತೆ ನೋಡವ್ವಾ! ಆ ಹುಡ್ಗನ ಕೈಗುಣವೇ ಕೈಗುಣ."

ಡೂಪ್ಲಿಕೇಟ್ ಸಾಮಾನು ನಾಲ್ಕು ದಿನ ಚೆನ್ನಾಗಿಯೇ ಓಡುತ್ತದೆ ಅಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ದೇವನಹಳ್ಳಿ ಕೋಟೆಯ ಹತ್ತಿರ ಭೀಮರಾಜನ ನೀಲಿ ಫಿಯಟ್ ಸೇರಿಕೊಂಡಿತು. ನಮ್ಮದರ ತದ್ರೂಪು, ಬಣ್ಣ ಮಾತ್ರ ಬೇರೆ. ಕಿಟಕಿಯಿಂದ ಕೈಬೀಸಿದ. ನಾನು ಮುಖ ತಿರುಗಿಸಿದೆ. ಮೂರು ಕಿಲೋಮೀಟರ್ ಹೋಗಿರಬಹುದು, ನೀಲಿ ಗಾಡಿ ಕೆಮ್ಮಿತು, ಜಗ್ಗಿತು, ನಿಂತೇ ಹೋಯಿತು.

ಒಂದು ಗಾಡಿ ನಿಂತರೆ ಎಲ್ಲ ಗಾಡಿಯೂ ನಿಲ್ಲಬೇಕು. ಅದು ಬಳಗದ ರೂಲು. ಎಲ್ಲರೂ ಇಳಿದು ಸುತ್ತ ನೆರೆದರು. ಭೀಮರಾಜ್ ಮಾತ್ರ ಬಾನೆಟ್ ಮೇಲೆ ಎರಡೂ ಕೈಯೂರಿ ಅಡ್ಡ ನಿಂತುಬಿಟ್ಟಿದ್ದ.

"ನೀವೆಲ್ಲಾ ನಡೀರಿ. ನಾನ್ ಆಮೇಲೆ ಬರ್ತೀನಿ."

"ಅದೆಂಗಯ್ಯಾ ಆಗ್ತದೆ?" ಎಂದ ಆಂಜಿನಪ್ಪ. "ತೆಗಿ ಬಾನೆಟ್ಟು."

"ಬೇಡ ಅಣ್ಣಾ. ಏನಿಲ್ಲ, ಬಿಸಿಯಾಗಿದೆ ಅಷ್ಟೆ."

ಅವನ ಕಣ್ಣು ಒಂದೇ ಒಂದು ಕ್ಷಣ ನನ್ನ ಕಡೆ ಬಂದು ಹೋಯಿತು. ಅಷ್ಟು ಸಾಕಾಯಿತು ನನಗೆ. ನಮ್ಮ ಗಾಡಿಯ ಸಾಮಾನು ಇವನ ಗಾಡಿಯೊಳಗೇ ಇದೆ! ನೇರ ಹೋಗಿ ಬಾಗಿಲು ತೆಗೆದು, ಒಳಗಿನ ಲಿವರ್ ಎಳೆದೆ. ಬಾನೆಟ್ ಟಪ್ ಎಂದು ಸಡಿಲಾಯಿತು. "ಪ್ರಮೋದಾ ಅವ್ರೇ, ಬೇಡ," ಎಂದ. ಎತ್ತಿಯೇಬಿಟ್ಟೆ.

ಕಾರ್ಬುರೇಟರ್ ಮೇಲೊಂದು ಗುಲಾಬಿ ಚುಕ್ಕೆ. ಫ್ಯುಯೆಲ್ ಪಂಪಿನ ಮೇಲೊಂದು. ಡಿಸ್ಟ್ರಿಬ್ಯೂಟರಿನ ಮೇಲೊಂದು.

"ಸಿಕ್ಕಿಬಿದ್ರಿ," ಎಂದೆ. "ಎಲ್ಲಾರೂ ನೋಡಿ. ಇದೆಲ್ಲಾ ನಮ್ಮ ಗಾಡಿದು. ನಾನೇ ಗುರುತು ಹಾಕಿದ್ದೆ."

ಅಪ್ಪ ನಿಧಾನ ಮುಂದೆ ಬಂದು ಬಗ್ಗಿ ನೋಡಿದ. ಕಾರ್ಬುರೇಟರಿನ ಚಕ್ಕೆಯೆದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಮತ್ತೆ ಹೋಗಿ ನಮ್ಮ ಗಾಡಿಯ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. ವಾಪಸ್ಸು ಬಂದಾಗ ಅವನ ಮುಖವೇ ಬೇರೆಯಾಗಿತ್ತು.

"ನಮ್ದು ಕೆಟ್ಟು ಕೆರ ಹಿಡ್ದಿತ್ತು ಕಣವ್ವಾ. ರಿಪೇರಿ ಆಗೋ ಅಂಥದ್ದಲ್ಲ," ಎಂದ. "ನಮ್ಮ ಗಾಡಿಲಿ ಈಗ ಇರೋದು ಡೂಪ್ಲಿಕೇಟ್ ಅಲ್ಲ. ಪಕ್ಕಾ ಒರಿಜಿನಲ್ಲು. ಇವ್ನು ತನ್ ಗಾಡಿದು ಬಿಚ್ಚಿ ನಮಗಾಕಿ, ನಮ್ ಗುಜರಿಗೆ ಹೆಂಗೋ ತೇಪೆ ಹಾಕಿ ತಾನಿಟ್ಕೊಂಡವ್ನೆ."

ಭೀಮರಾಜ್ ರಸ್ತೆ ನೋಡುತ್ತ ನಿಂತಿದ್ದ. ನನಗೆ ಭೂಮಿ ಬಾಯಿಬಿಡಬಾರದೆ ಎನಿಸಿತು.

ಆಂಜಿನಪ್ಪನೇ ಎಲ್ಲರನ್ನೂ ಎಚ್ಚರಿಸಿದ. ಡಿಕ್ಕಿಯಿಂದ ಹಗ್ಗ ಬಂತು. ಹಾಲುಕೆನೆ ಫಿಯಟ್ಟಿನ ಹಿಂದೆ ನೀಲಿ ಫಿಯಟ್ಟನ್ನು ಕಟ್ಟಿದರು. "ನಾನು ಎಳೀತೀನಿ," ಎಂದ ಅಪ್ಪ ಬೇರೆ ಯಾರಿಗೂ ಬಿಡಲಿಲ್ಲ. ನೀಲಿ ಗಾಡಿಯ ಇಂಡಿಕೇಟರೂ ಕೆಟ್ಟಿತ್ತು. "ಎಡಗಡೆ ಕೈ ತೋರ್ಸೋಕೆ ಒಬ್ರು ಬೇಕಲ್ಲಪ್ಪಾ," ಎಂದು ಆಂಜಿನಪ್ಪ ಆಕಾಶ ನೋಡಿಕೊಂಡು ಹೇಳಿದ. ನಾನು ಹೋಗಿ ಭೀಮರಾಜನ ಪಕ್ಕ ಕೂತೆ.

ಎಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಹೋಗುವುದು ವಿಚಿತ್ರ. ಉಸಿರಾಡಿದ್ದೂ ಕೇಳುತ್ತದೆ.

"ಫೋನಲ್ಲಿ ಯಾರ ಹತ್ರ ಮಾತಾಡ್ತಿದ್ರಿ, ಆವತ್ತು?" ಎಂದೆ ಕಡೆಗೆ.

"ನಮ್ಮಮ್ಮನ ಹತ್ರ. ನಮ್ ಗಾಡಿ ಯಾಕೋ ಸ್ಟಾರ್ಟ್ ಆಗ್ತಿಲ್ಲ ಅಂತ ಕೇಳ್ತಿದ್ರು."

"ಫೋಟೊ?"

"ಎಲ್ಲಾ ಸ್ಪೇರ್ ಅಂಗಡಿಗೂ ಕಳ್ಸಿದ್ದೆ. ಎಲ್ಲೂ ಸಿಗ್ಲಿಲ್ಲ. ನಿಮ್ಮಪ್ಪ ಕೀನ ಕಣ್ಣಿಗೊತ್ಕೊಂಡು ನನ್ ಕೈಗಿಟ್ರು. ಆಗಲ್ಲ ಅಂತ ಹೇಳೋಕೆ ನನ್ ಕೈಲಾಗ್ಲಿಲ್ಲ."

"ನನಗಾದ್ರೂ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ, ಇವ್ನಿಗೇನೋ ಸ್ವಾರ್ಥ ಇದೆ ಅಂತ ಗೇಟ್ ಹಾಕ್ಬಿಡ್ತಿದ್ರಿ." ಮುಂದಿನ ಹಗ್ಗದ ಮೇಲೆ ಕಣ್ಣಿಟ್ಟು, "ಸ್ವಾರ್ಥ ಇತ್ತು ಬಿಡಿ. ಒಂದೊಂದೇ ಬಿಚ್ಕೊಂಡೋಗಿದ್ದು ಯಾಕೆ ಅಂದ್ಕೊಂಡ್ರಿ? ಎಲ್ಲಾ ಒಂದೇ ದಿನ ಮಾಡ್ಬಹುದಿತ್ತು," ಎಂದ.

ನನ್ನ ಕೆನ್ನೆ ಬಿಸಿಯಾಯಿತು. "ಚುಕ್ಕೆ ನೋಡಿದ್ರಾ?" ಎಂದೆ.

"ಮೊದಲ್ನೇ ಡೈನಮೊದಲ್ಲೇ ನೋಡ್ದೆ. ಪೇಂಟ್ ತಿನ್ನರಲ್ಲಿ ಅದ್ದಿದ್ರೆ ಹೋಗೋದು. ಬ್ರಷ್ ಹಿಡ್ಕೊಂಡು ಸುತ್ತ ಮಾತ್ರ ಉಜ್ಜಿದೀನಿ."

"ಯಾಕೆ? ನಿಮ್ಮನ್ನ ಕಳ್ಳ ಅಂದ್ಕೊಂಡು ಇಟ್ಟಿದ್ದು ಅದು."

"ಗೊತ್ತು. ಎರಡು ದಿನ ಬೇಜಾರೂ ಆಯ್ತು. ಆದ್ರೂ ನೀವು ಕೈಯಾರ ಇಟ್ಟಿದ್ದಲ್ವಾ," ಎಂದ. ಹಗ್ಗ ಸಡಿಲಾಗದ ಹಾಗೆ ಮೆಲ್ಲಗೆ ಬ್ರೇಕ್ ಒತ್ತಿದ. "ಕೈ ತೋರ್ಸಿ ಪ್ರಮೋದಾ ಅವ್ರೇ, ಎಡಕ್ಕೆ ತಿರುಗ್ಬೇಕು."

ಕಿಟಕಿಯಾಚೆ ಕೈ ಚಾಚಿದೆ. ಕಣ್ಣು ತುಂಬಿ ಬಂದು ರಸ್ತೆ ಮಂಜುಮಂಜಾಗಿತ್ತು.

ನಲ್ಲೂರಿನ ತೋಪಿನಲ್ಲಿ ಗಾಡಿಗಳು ಮುದಿ ಹುಣಸೇ ಮರಗಳ ನೆರಳಿಗೆ ಒಂದೊಂದಾಗಿ ಬಂದು ನಿಂತವು. ಮುಂದಿನ ಗಾಡಿಯಿಂದ ಇಳಿದ ಅಪ್ಪ ನಮ್ಮ ಕಡೆ ಬರದೆ ಹಗ್ಗ ಬಿಚ್ಚುವುದರಲ್ಲೇ ಬೇಕೆಂದು ತಡಮಾಡುತ್ತಿದ್ದ. ಭೀಮರಾಜ್ ಇನ್ನೂ ಸ್ಟೀರಿಂಗ್ ಹಿಡಿದೇ ಕೂತಿದ್ದ. ನಾನು ಬ್ಯಾಗಿನಿಂದ ಬಾಟಲಿ ತೆಗೆದೆ.

"ಕೈ ಕೊಡಿ."

"ಯಾಕೆ?"

"ಕೊಡಿ ಅಂದ್ರೆ ಕೊಡಿ."

ಕೊಟ್ಟ. ಎಷ್ಟು ತೊಳೆದರೂ ಗ್ರೀಸು ಹೋಗದ ಕೈ. ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗುಲಾಬಿ ಚುಕ್ಕೆ ಇಟ್ಟೆ. ಒಣಗಲಿ ಎಂದು ಊದಿದೆ.

"ಇದೇನು?" ಎಂದ.

"ನಂದು ಅಂತ ಗುರುತು. ಯಾರೂ ಬದಲಾಯಿಸ್ಬಾರ್ದು ನೋಡಿ."

ಅಷ್ಟರಲ್ಲಿ ಆಂಜಿನಪ್ಪ ಕಿಟಕಿಯೊಳಗೆ ತಲೆ ಹಾಕಿದ. ಭೀಮರಾಜನ ಬೆರಳು ನೋಡಿ ಹುಬ್ಬು ಏರಿಸಿದ. "ಏನ್ಲಾ ಇದು, ವೋಟ್ ಹಾಕ್ದಂಗೈತೆ?"

"ಇನ್‌ಸ್ಪೆಕ್ಷನ್ ಆಯ್ತು ಅಣ್ಣಾ," ಎಂದ ಭೀಮರಾಜ್, ಗುಳಿ ಬೀಳುವ ಹಾಗೆ ನಗುತ್ತ. "ಪಾಸಾದೆ."

ನಾನು ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಬ್ಯಾಗಿನಲ್ಲಿಟ್ಟೆ. ಇನ್ನು ಬೇರೆ ಪೀಸ್ ನೋಡುವ ಕೆಲಸ ಇರಲಿಲ್ಲ.